ವಾಯುಪಡೆಯಿಂದ ಉದ್ಯಮದತ್ತ: ಏರ್ ಚೀಫ್ ಮಾರ್ಷಲ್ ಪಿ.ಸಿ. ಲಾಲ್

ನಿವೃತ್ತ ಸೇನಾಧಿಕಾರಿಗಳು ಕಂಪನಿಗಳ ಉನ್ನತ ಸ್ಥಾನಗಳನ್ನು ಅಲಂಕರಿಸುವುದನ್ನು ನಾವು ಕಾಣುತ್ತಲೇ ಇದ್ದೇವೆ. ಪ್ರತಾಪ್ ಚಂದ್ರ ಲಾಲ್ ಅವರಾದರೋ ಸೇನೆಯಲ್ಲಿದ್ದಾಗಲೇ ಉದ್ಯಮವನ್ನು ನಡೆಸಿ ಅರಿತವರು.

ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಣರಂಗದಲ್ಲಿ ಸ್ಕ್ವಾಡ್ರನ್ನನ್ನು ಮುನ್ನಡೆಸಿದ ಲಾಲ್, 1957ರಿಂದ 1962ರವರೆಗೆ ಇಂಡಿಯನ್ ಏರ್‌ಲೈನ್ಸ್‌ನ ಜನರಲ್ ಮ್ಯಾನೇಜರ್ ಆಗಿದ್ದರು. 1965ರ ಯುದ್ಧಕಾಲದಲ್ಲಿ ಅವರು ವಾಯುಪಡೆಯ ಉಪಮುಖ್ಯಸ್ಥರು. 1966ರಲ್ಲಿ ನಮ್ಮ ಬೆಂಗಳೂರಿನ ಎಚ್‌ಎಎಲ್ ಸಂಸ್ಥೆಯ ಹೊಣೆ ಅವರ ಹೆಗಲೇರಿತು. ಹೀಗೆ ವಿಮಾನ ಹಾರಿಸುವುದು, ಸಾರಿಗೆ ನಡೆಸುವುದು, ವಿಮಾನ ತಯಾರಿಸುವುದು ಈ ಮೂರನ್ನೂ ಬಲ್ಲವರಾಗಿ ಅವರು 1969ರಲ್ಲಿ ವಾಯುಪಡೆಯ ಮುಖ್ಯಸ್ಥರಾದರು. 1971ರ ಯುದ್ಧದಲ್ಲಿ ಅವರ ನೇತೃತ್ವದಲ್ಲಿ ಹೋರಾಡಿದ ನ್ಯಾಟ್ ವಿಮಾನಗಳು ಎಚ್‌ಎಎಲ್‌ನಲ್ಲೇ ತಯಾರಾಗುತ್ತಿದ್ದವು.

1973ರಲ್ಲಿ ನಿವೃತ್ತರಾದ ಲಾಲ್ ಇಂಡಿಯನ್ ಏರ್‌ಲೈನ್ಸ್‌ಗೆ ಅಧ್ಯಕ್ಷರಾಗಿ ಮರಳಿದರು. ಆ ವರ್ಷಾಂತ್ಯದಲ್ಲಿ ಕಾರ್ಮಿಕ ವಿವಾದವು ಲಾಕೌಟ್‌ವರೆಗೆ ಹೋಯಿತು. ಯುದ್ಧಭೂಮಿಯಲ್ಲಿ ಆಜ್ಞೆಯೇ ಅಂತಿಮ. ಸಂಸ್ಥೆಯಲ್ಲಿ ನೌಕರರ ಸಮ್ಮತಿಯನ್ನೂ ಗಳಿಸಬೇಕಾಗುತ್ತದೆ. ಆಡಳಿತ ಮತ್ತು ನೌಕರ ಸಂಘಗಳ ನಡುವಿನ ಎಳೆದಾಟವನ್ನು ದಶಕಗಳಿಂದ ಕಂಡ ಬ್ಯಾಂಕಿನವರಾದ ನಮಗೆ ಇದು ಹೊಸತಲ್ಲ.

ಸೈನಿಕ ಶಿಸ್ತು ಉದ್ಯಮಕ್ಕೆ ದೊಡ್ಡ ಬಲ. ಆದರೆ ಅದು ಫಲಿಸುವುದು ಕೆಲಸವನ್ನು ಬಲ್ಲವನ ಕೈಯಲ್ಲಿ, ಕೆಲಸಗಾರನ ಮಾತಿಗೆ ಕಿವಿಗೊಟ್ಟಾಗ. ಲಾಲ್ ಅವರ ವೃತ್ತಿಜೀವನದಿಂದ ನಾವು ಕಲಿಯಬೇಕಾದ ಪಾಠವಿದು.