ಜಾಲತಾಣದ ನಕ್ಷೆಗೆ ಯಾವ ತಂತ್ರಾಂಶ?

ಮಠ, ಸಂಘ, ವಿದ್ಯಾರ್ಥಿನಿಲಯಗಳ ಜಾಲತಾಣ ರೂಪಿಸುವ ಹೊಣೆ ಇಂದು ನಮ್ಮ ಮನೆಗಳ ತರುಣ ತರುಣಿಯರ ಪಾಲಿಗೆ ಬರುತ್ತಿದೆ. ಮನೆ ಕಟ್ಟುವ ಮುನ್ನ ನಕ್ಷೆ ಬರೆಯುವಂತೆ, ಜಾಲತಾಣಕ್ಕೂ ಮೊದಲು ಪುಟಗಳ ಮಾದರಿ ಚಿತ್ರ ಬೇಕು. ಅದಕ್ಕೆ ಯಾವ ತಂತ್ರಾಂಶ ಯೋಗ್ಯವೆಂಬುದನ್ನು ವಿಚಾರಿಸೋಣ.

1990ರಲ್ಲಿ ಬಂದ ಫೋಟೋಶಾಪ್ ಮೂಲತಃ ಛಾಯಾಚಿತ್ರ ತಿದ್ದುವ ಸಾಧನ. ಅದಕ್ಕೆ ಚಂದಾ ತೆರಬೇಕು. ಜಾಲಪುಟಗಳಿಗೆಂದೇ 1998ರಲ್ಲಿ ಹುಟ್ಟಿದ ಫೈರ್‌ವರ್ಕ್ಸ್‌ನ ಬೆಳವಣಿಗೆ 2013ರಲ್ಲಿ ನಿಂತಿತು. 2016ರಲ್ಲಿ ಎಲ್ಲರಿಗೂ ತೆರೆದುಕೊಂಡ ಫಿಗ್ಮಾದಲ್ಲಿ ಹಲವರು ಏಕಕಾಲಕ್ಕೆ ಒಂದೇ ಪುಟದ ಮೇಲೆ ದುಡಿಯಬಹುದು. ಅದರ ಆರಂಭದ ಹಂತ ಉಚಿತ. ಬರ್ಕಲಿಯ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಆರಂಭಿಸಿದ ಜಿಂಪ್ ಹಾಗೂ ರೇಖಾಚಿತ್ರದ ಇಂಕ್‌ಸ್ಕೇಪ್ ಸಂಪೂರ್ಣ ಉಚಿತ. ಅನೇಕರ ಶ್ರಮದಾನದಿಂದ ಬೆಳೆದ ಇವು ಜ್ಞಾನದಾಸೋಹವೇ ಸರಿ.

ಆದ್ದರಿಂದ ಚಿತ್ರ ತಿದ್ದಲು ಜಿಂಪ್, ಪುಟ ಜೋಡಿಸಲು ಫಿಗ್ಮಾ ಅಥವಾ ಇಂಕ್‌ಸ್ಕೇಪ್ ಸಾಕೆಂದು ನಮ್ಮ ಅಭಿಪ್ರಾಯ. ಆಯ್ಕೆಗೆ ಮುನ್ನ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುವವೇ ಎಂದು ಪರೀಕ್ಷಿಸುವುದು ಅಗತ್ಯ.

ದುಬಾರಿ ತಂತ್ರಾಂಶದ ಕಳ್ಳಪ್ರತಿಯನ್ನು ಗಣಕಯಂತ್ರಕ್ಕೆ ತುಂಬುವುದು ಹಲವೆಡೆ ತಪ್ಪೆಂದೇ ಎನಿಸದಾಗಿದೆ. ಬಸವಾದಿ ಶರಣರ ವಿಚಾರ ಸಾರುವ ತಾಣವನ್ನು ಕದ್ದ ಸಾಧನದಿಂದ ಕಟ್ಟುವುದು ತರವೇ? ಕಾಯಕದ ಫಲದಂತೆ ಅದರ ಸಾಧನವೂ ಶುದ್ಧವಿರಬೇಕು. ಹಿರಿಯರು ಮಕ್ಕಳಿಗೆ ಈ ಮಾತನ್ನು ಮನಗಾಣಿಸಲೆಂದು ಆಶಿಸುತ್ತೇವೆ.