ಅಡಿ ತಪ್ಪಿದ ಲೆಕ್ಕ

ಮುಂಡಗೋಡ ತಾಲ್ಲೂಕಿನ ಮಳಗಿಯಲ್ಲಿ ಧರ್ಮಾ ಜಲಾಶಯವಿದೆ. ಅದರ ನೀರು ಕಾಲುವೆ ಹಿಡಿದು ಹಾನಗಲ್ ಕಡೆಯ ಗದ್ದೆಗಳಿಗೆ ಹರಿಯುತ್ತದೆ. ಜಲಾಶಯದ ನೀರನ್ನು ಟಿಎಂಸಿಯಲ್ಲೂ (ಸಾವಿರ ದಶಲಕ್ಷ ಘನ ಅಡಿ) ಕಾಲುವೆಯ ಹರಿವನ್ನು ಕ್ಯೂಸೆಕ್‌ನಲ್ಲೂ ಗದ್ದೆಯನ್ನು ಎಕರೆ–ಗುಂಟೆಯಲ್ಲೂ ಹೇಳುವುದು ನಮ್ಮ ರೂಢಿ. ಮೆಟ್ರಿಕ್ ಪದ್ಧತಿಗಾಗಿ ದೇಶ 1956ರಲ್ಲೇ ಕಾಯ್ದೆ ಮಾಡಿತು. ಆದರೂ ಈ ಮೂರೂ ಅಳತೆಗಳು ಇಂದಿಗೂ ನಿಂತಿರುವುದು ಬ್ರಿಟಿಷರ ಅಡಿಯ ಮೇಲೆ.

ಮುಂಬೈ ಪ್ರಾಂತ್ಯದ ಮೋಜಣಿಯ ಸರಪಳಿ 33 ಅಡಿ ಉದ್ದ. ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಗುಂಟೆ. 40 ಗುಂಟೆಗೆ ಒಂದು ಎಕರೆ, ಅಂದರೆ 43,560 ಚದರಡಿ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್. ಆ ಹರಿವು ಒಂದು ತಾಸಿನಲ್ಲಿ 3,600 ಘನ ಅಡಿ ಕೊಡುತ್ತದೆ. ಎಕರೆ ಗದ್ದೆಯಲ್ಲಿ ಒಂದಿಂಚು ನೀರು ನಿಲ್ಲಿಸಲು ಬೇಕಾದದ್ದು 3,630! ಬಾಯಿಲೆಕ್ಕಕ್ಕೆ ಇಷ್ಟು ಒಗ್ಗುವ ಅಳತೆಯನ್ನು ಬಿಡಲು ಯಾರಿಗೂ ಮನಸ್ಸು ಬಾರದು.

ತೊಡಕು ಶುರುವಾಗುವುದು ಕಂಪ್ಯೂಟರಿನಲ್ಲಿ. ಆಟೋಕ್ಯಾಡ್‌ನಂಥ ತಂತ್ರಾಂಶದಲ್ಲಿ ಹೊಸ ನಕ್ಷೆಗೆ ಇಂಪೀರಿಯಲ್, ಮೆಟ್ರಿಕ್ ಎಂಬ ಎರಡು ಬಗೆಯ ಮಾದರಿಗಳಿವೆ. ಎಳೆದ ಗೆರೆಯ ಉದ್ದವಾಗಿ ಕಡತದಲ್ಲಿ ಉಳಿಯುವುದು ಬರೀ 20 ಎಂಬಂಥ ಅಂಕಿ. ಅದು ಅಡಿಯೋ ಮೀಟರೋ ಎಂಬ ನಮೂದು ಬೇರೆಯೇ ಇರುತ್ತದೆ. ಆ ನಮೂದು ತಪ್ಪಿದರೂ ಚಿತ್ರದ ಆಕಾರ ಕೆಡುವುದಿಲ್ಲ. ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ.

20 ಮೀಟರ್ ಉದ್ದ, 20 ಮೀಟರ್ ಅಗಲ, 3 ಮೀಟರ್ ಆಳದ, ನೇರ ಗೋಡೆಯ ಕೃಷಿ ಹೊಂಡವೊಂದನ್ನು ಎಣಿಸಿಕೊಳ್ಳಿ. ಅದರಲ್ಲಿ 12 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಅವೇ ಅಂಕಿಗಳನ್ನು ಅಡಿ ಎಂದು ಓದಿದರೆ ಸಿಗುವುದು ಸುಮಾರು 34 ಸಾವಿರ ಲೀಟರ್. ಒಂದು ಮೀಟರಿಗೆ ಬರೀ 3.28 ಅಡಿ, ನಿಜ. ಆದರೆ ಗದ್ದೆಯ ವಿಸ್ತೀರ್ಣಕ್ಕೆ ಬಂದಾಗ ಆ ತಪ್ಪು ಸುಮಾರು 10.8 ಪಟ್ಟಾಗುತ್ತದೆ, ನೀರಿನ ಗಾತ್ರಕ್ಕೆ ಬಂದಾಗ 35 ಪಟ್ಟು ಮೀರುತ್ತದೆ. ಉದ್ದ, ಅಗಲ, ಆಳ ಮೂರೂ ತಪ್ಪಿ, ಒಂದನ್ನೊಂದು ಗುಣಿಸುವುದೇ ಇದಕ್ಕೆ ಕಾರಣ.

ಪರಿವರ್ತನೆಯಲ್ಲಿ ಗೊಂದಲವೇನೂ ಇಲ್ಲ. 1959ರ ಅಂತರರಾಷ್ಟ್ರೀಯ ಒಪ್ಪಂದದಂತೆ ಒಂದು ಅಡಿ ಎಂದರೆ ಕರಾರುವಾಕ್ಕಾಗಿ 0.3048 ಮೀಟರ್. ತಂತ್ರಾಂಶ ಈ ಗುಣಾಕಾರದಲ್ಲಿ ಎಡವುವುದಿಲ್ಲ. ಯಾವ ಅಳತೆಯಿಂದ ಹೊರಡಬೇಕೆಂದು ನಾವು ಹೇಳಬೇಕು, ಅಷ್ಟೇ. ಆದ್ದರಿಂದ ಹೊಂಡದ್ದಾಗಲಿ ಕಾಲುವೆಯದ್ದಾಗಲಿ, ನಕ್ಷೆ ಕೈಗೆ ಬಂದ ಕೂಡಲೇ ಹೊಲದಲ್ಲಿ ಟೇಪು ಹಿಡಿದು ಅಳೆದ ಒಂದು ಬದುವನ್ನು ತೆರೆಯ ಮೇಲೂ ಅಳೆದು ನೋಡಿ. ಆ ಎರಡು ಅಳತೆ ತಾಳೆಯಾದ ಮೇಲೆಯೇ ನೀರಿನ ಲೆಕ್ಕಕ್ಕೆ ಕೈಹಾಕಿ.