ತಡವಾಗಿ ಬಂದ ತಜ್ಞರ ವರದಿ: ಕೋರ್ಟು ಒಪ್ಪಲೇಬೇಕೇ?

ಕ್ರಯದ ಕರಾರಿನ ಮೇಲಿರುವ ಸಹಿ ತನ್ನದಲ್ಲ ಎಂದು ಪ್ರತಿವಾದಿ ನಿರಾಕರಿಸಿದಾಗ ಸಿವಿಲ್ ದಾವೆಗೆ ಕೈಬರಹ ತಜ್ಞರು ಬೇಕಾಗುತ್ತಾರೆ. ತಜ್ಞರ ವರದಿ ವೈಜ್ಞಾನಿಕವಾದ್ದರಿಂದ ಯಾವ ಹಂತದಲ್ಲಿ ತಂದರೂ ನ್ಯಾಯಾಲಯ ಒಪ್ಪಲೇಬೇಕು ಎಂದು ಅನೇಕ ಕಕ್ಷಿದಾರರು ನಂಬಿರುತ್ತಾರೆ. ಇದು ನಿಜವಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಆದೇಶದ ಪ್ರಕಾರ, ವಿವಾದಾಂಶಗಳನ್ನು ರಚಿಸಿದ 15 ದಿನಗಳೊಳಗೆ ಸಾಕ್ಷಿಪಟ್ಟಿ ಸಲ್ಲಿಸಬೇಕು. ಪಟ್ಟಿಯಲ್ಲಿಲ್ಲದವರನ್ನು ಕರೆಸಲು ಸಾಕಷ್ಟು ಕಾರಣ ತೋರಿಸಿ ಅನುಮತಿ ಪಡೆಯಬೇಕು. ತಜ್ಞರೂ ಇದಕ್ಕೆ ಹೊರತಲ್ಲ.

ತಡವಾದರೆ ಎಲ್ಲವೂ ಮುಗಿದಂತೆ ಎಂಬ ಮಾತೂ ಅಷ್ಟೇ ತಪ್ಪು. ಸಹಿ ಹೋಲಿಕೆಗಾಗಿ ದಾಖಲೆಯನ್ನು ತಜ್ಞರಿಗೆ ಕಳುಹಿಸಿ ಎಂದು ಕೋರುವ ಅರ್ಜಿಗೆ ಸಾಕ್ಷ್ಯ ಕಾನೂನು ಗಡುವು ಹಾಕಿಲ್ಲ. ಕೆ.ಕೆ. ವೇಲುಸಾಮಿ ಪ್ರಕರಣದಲ್ಲಿ (2011) ಸಾಕ್ಷ್ಯ ಮುಗಿದು ವಾದ ನಡೆಯುತ್ತಿದ್ದಾಗ ಹೊಸ ಸಾಕ್ಷ್ಯಕ್ಕೆ ಅರ್ಜಿ ಬಂದಿತ್ತು. ಸಂಹಿತೆಯ 151ನೇ ಕಲಮಿನ ಅಂತರ್ಗತ ಅಧಿಕಾರದಿಂದ ಅಂಥ ಅರ್ಜಿಯನ್ನೂ ಪರಿಗಣಿಸಬಹುದು ಎಂದ ಸುಪ್ರೀಂ ಕೋರ್ಟ್, ನಿರ್ಲಕ್ಷ್ಯ ಮುಚ್ಚಿಕೊಳ್ಳಲು ಹಾಕಿದ ಅರ್ಜಿಯನ್ನು ಭಾರೀ ಖರ್ಚು ವಿಧಿಸಿ ತಳ್ಳಿಹಾಕಬೇಕು ಎಂದೂ ಎಚ್ಚರಿಸಿತು.

ಹೀಗಾಗಿ ಎಷ್ಟು ತಡವಾಯಿತು ಎನ್ನುವುದಕ್ಕಿಂತ ಏಕೆ ತಡವಾಯಿತು ಎನ್ನುವುದೇ ಮುಖ್ಯ. ಹೋಲಿಕೆಗೆ ಬೇಕಾದ ಹಳೆಯ ಸಹಿ ಬ್ಯಾಂಕಿನಲ್ಲೋ ಉಪನೋಂದಣಾಧಿಕಾರಿಯ ಕಚೇರಿಯಲ್ಲೋ ಇದ್ದು, ಕೇಳಿದರೂ ಬೇಗ ಸಿಗದಿದ್ದರೆ ಕಾರಣ ನಿಲ್ಲುತ್ತದೆ. ಲಿಖಿತ ಹೇಳಿಕೆಯಲ್ಲೇ ಸಹಿ ನಿರಾಕರಿಸಿದ್ದರೂ ಅಂತಿಮ ವಾದದವರೆಗೆ ಸುಮ್ಮನಿದ್ದವರಿಗೆ ಹೇಳಲು ಏನೂ ಉಳಿದಿರುವುದಿಲ್ಲ. ಎದುರು ಪಕ್ಷದವರು ತಮ್ಮ ತಜ್ಞರನ್ನು ಹುಡುಕಬೇಕು, ಸಾಕ್ಷಿಗಳನ್ನು ಮತ್ತೆ ಪಾಟೀಸವಾಲಿಗೆ ಕರೆಸಬೇಕು. ಆ ಹೊರೆಯನ್ನು ಅವರ ಮೇಲೆ ಹೇರುವುದು ಅನ್ಯಾಯ.

ಅರ್ಜಿ ವಜಾ ಆದರೆ ದಾವೆಯೇ ಸೋತಂತೆ ಎಂಬುದು ಇನ್ನೊಂದು ಭಯ. ತಜ್ಞರು ಕೊಡುವುದು ಅಭಿಪ್ರಾಯ ಮಾತ್ರ. ಅದೂ ಪಾಟೀಸವಾಲನ್ನು ಎದುರಿಸಬೇಕು. ಸಹಿ ಹಾಕುವಾಗ ಎದುರಿಗಿದ್ದ ಸಾಕ್ಷಿಗಳ ಮಾತಿಗೂ ಬೆಲೆಯಿದೆ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 72ನೇ ಕಲಮಿನಡಿ ನ್ಯಾಯಾಧೀಶರೇ ಸಹಿಗಳನ್ನು ಹೋಲಿಸಿ ನೋಡಬಹುದು, ಆದರೆ ಬಹಳ ಎಚ್ಚರಿಕೆಯಿಂದ. ಯಾರೇ ಹೋಲಿಸಲಿ, ದಾವೆ ಶುರುವಾದ ಮೇಲೆ ವಕಾಲತ್ತಿಗೆ ಹಾಕಿದ ಸಹಿಗಿಂತ ಕರಾರಿನ ಕಾಲದ ಸಹಿಯೇ ವಿಶ್ವಾಸಾರ್ಹ. ವ್ಯಾಜ್ಯ ಹುಟ್ಟಿದ ಮೇಲೆ ಬೇಕೆಂದೇ ಬೇರೆ ರೀತಿ ಸಹಿ ಹಾಕಲು ಸಾಧ್ಯ.

ಲಿಖಿತ ಹೇಳಿಕೆಯಲ್ಲಿ ಸಹಿಯ ನಿರಾಕರಣೆ ಕಂಡ ಕಕ್ಷಿದಾರರು ಹಳೆಯ ಸಹಿಗಳಿರುವ ದಾಖಲೆಗಳನ್ನು ಆಗಲೇ ಕಲೆಹಾಕಿ, ಸಾಕ್ಷ್ಯ ವಿಚಾರಣೆ ಆರಂಭವಾಗುವ ಮೊದಲೇ ವಕೀಲರಿಂದ ಅರ್ಜಿ ಹಾಕಿಸಬೇಕು.